ಮುದ್ರಿತ ಪುಸ್ತಕ ಇ-ರೀಡರ್‌ಗೆ ಬರುವಾಗ ಎಲ್ಲಿ ಕೆಡುತ್ತದೆ: ಲಕ್ಷಣ ಹಿಡಿದು ದೋಷ ಹುಡುಕುವ ಕೈಪಿಡಿ

ಇ-ರೀಡರ್‌ನ ಪರದೆಯ ಮೇಲೆ ಕಾಣುವ ತಪ್ಪು ಹೆಚ್ಚಿನ ಸಲ ಅಲ್ಲಿ ಹುಟ್ಟಿದ್ದಲ್ಲ. ಪುಸ್ತಕದ ಪುಟ ಮೊದಲು ಚಿತ್ರವಾಗುತ್ತದೆ. ಆ ಚಿತ್ರವನ್ನು ಓಸಿಆರ್ ತಂತ್ರಾಂಶ ಓದಿ ಪಠ್ಯವಾಗಿಸುತ್ತದೆ. ಪಠ್ಯ ಇಪಬ್ ಎಂಬ ಇ-ಪುಸ್ತಕದ ಕಡತವಾಗುತ್ತದೆ, ಕಡತ ಸಾಧನಕ್ಕೆ ಹೋಗುತ್ತದೆ. ಈ ನಾಲ್ಕು ಹಂತಗಳಲ್ಲಿ ಎಲ್ಲಿ ಕೆಟ್ಟರೂ ಕಣ್ಣಿಗೆ ಬೀಳುವುದು ಕೊನೆಯ ಹಂತದಲ್ಲಿ. ಅದಕ್ಕೇ ಜನ ಸಾಧನವನ್ನು ದೂರುತ್ತಾರೆ, ತಂತ್ರಾಂಶದ ಮೇಲೆ ತಂತ್ರಾಂಶ ಬದಲಿಸುತ್ತಾರೆ, ಕೊನೆಗೆ ಬೇಸತ್ತು ಇಡೀ ಪುಸ್ತಕವನ್ನು ಮತ್ತೆ ಸ್ಕ್ಯಾನ್ ಮಾಡಲು ಕೂರುತ್ತಾರೆ. ಅಷ್ಟೆಲ್ಲ ಬೇಡ. ತಪ್ಪಿರುವ ಒಂದೇ ಒಂದು ಪುಟವನ್ನು ಹಿಡಿಯಿರಿ. ಅದೇ ತಪ್ಪು ಇಪಬ್‌ನಲ್ಲಿ ಇದೆಯೇ, ಓಸಿಆರ್ ಕೊಟ್ಟ ಪಠ್ಯದಲ್ಲಿ ಇದೆಯೇ, ಚಿತ್ರದಲ್ಲಿ ಇದೆಯೇ ಎಂದು ಒಂದೊಂದೇ ಹಂತ ಹಿಂದಕ್ಕೆ ಹೋಗಿ ನೋಡಿ. ಯಾವ ಹಂತದಲ್ಲಿ ತಪ್ಪು ಕಾಣುವುದಿಲ್ಲವೋ ಅದರ ಮುಂದಿನ ಹಂತವೇ ದೋಷದ ಮೂಲ. ಕೆಳಗಿನ ಎಲ್ಲ ಪರೀಕ್ಷೆಗಳೂ ಈ ಒಂದು ಕ್ರಮದ ಮೇಲೆ ನಿಂತಿವೆ.

## ಕೆಲಸಕ್ಕೆ ಕೈಹಾಕುವ ಮೊದಲು

ಸ್ಕ್ಯಾನರ್ ಅಥವಾ ಕ್ಯಾಮೆರಾ ಕೊಟ್ಟ ಮೂಲ ಚಿತ್ರಗಳನ್ನು ಪ್ರತ್ಯೇಕ ಫೋಲ್ಡರ್‌ನಲ್ಲಿ ಇಡಿ. ತಿದ್ದುವ ಕೆಲಸವೆಲ್ಲ ನಕಲಿನ ಮೇಲೆ ನಡೆಯಲಿ. ಹಿಂದಕ್ಕೆ ಹೋಗಿ ನೋಡುವ ದಾರಿ ತೆರೆದಿರಬೇಕಾದರೆ ಈ ಚಿತ್ರಗಳು ಹಾಗೆಯೇ ಉಳಿದಿರಬೇಕು.

ಪ್ರಯೋಗಕ್ಕೆ ಇಡೀ ಪುಸ್ತಕ ಬಳಸಬೇಡಿ. ಒಂದು ಸಾಮಾನ್ಯ ಪುಟ, ಅಡಿಟಿಪ್ಪಣಿ ಅಥವಾ ಪದ್ಯವಿರುವ ಒಂದು ಪುಟ, ಮುದ್ರಣ ಮಸುಕಾಗಿರುವ ಒಂದು ಪುಟ, ಇಷ್ಟು ಸಾಕು. ಈ ಮೂರೂ ಪುಟಗಳು ನಾಲ್ಕೂ ಹಂತ ದಾಟಿ ಸರಿಯಾಗಿ ಬಂದರೆ ಮಾತ್ರ ಉಳಿದ ಪುಟಗಳಿಗೆ ಹೋಗಿ.

ಸ್ವಂತ ಓದಿಗೆ ಪರಿವರ್ತಿಸಿಕೊಳ್ಳುವುದು ಬೇರೆ, ಕಡತವನ್ನು ಹಂಚುವುದು ಬೇರೆ. ಕೃತಿಸ್ವಾಮ್ಯದ ನಿಯಮ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ನೀವಿರುವ ಕಡೆ ಏನಿದೆಯೆಂದು ಮೊದಲೇ ತಿಳಿದುಕೊಳ್ಳಿ.

## ಅಕ್ಷರಗಳ ಜಾಗದಲ್ಲಿ ಚೌಕಗಳು, ಅಥವಾ ಒತ್ತಕ್ಷರಗಳು ಬಿಚ್ಚಿಕೊಂಡಿವೆ

ಇವೆರಡನ್ನೂ ಒಂದೇ ಕಾಯಿಲೆ ಎಂದು ತಿಳಿಯುವವರು ಹೆಚ್ಚು. ಎರಡೂ ಬೇರೆ.

ಪುಟವೆಲ್ಲ ಖಾಲಿ ಚೌಕಗಳಾಗಿದ್ದರೆ ಸಾಧನದಲ್ಲಿ ಕನ್ನಡದ ಫಾಂಟ್ ಇಲ್ಲ ಎಂದರ್ಥ. ಅಕ್ಷರಗಳು ಕಾಣುತ್ತಿದ್ದು ‘ಕ್ಷ’ ಎನ್ನುವುದು ‘ಕ್‌ಷ’ ಎಂದು ಒಡೆದಿದ್ದರೆ, ಅಥವಾ ಗುಡಿಸು, ಕೊಂಬು, ಏತ್ವಗಳು ಅಕ್ಷರಕ್ಕೆ ಅಂಟದೆ ಪಕ್ಕದಲ್ಲಿ ನಿಂತಿದ್ದರೆ, ಫಾಂಟ್ ಇದೆ. ಅಕ್ಷರ ಜೋಡಿಸುವ ವ್ಯವಸ್ಥೆ ಸಾಧನದ ಓದುವ ತಂತ್ರಾಂಶದಲ್ಲಿ ಇಲ್ಲ ಅಥವಾ ಚಾಲೂ ಆಗಿಲ್ಲ. ಮೊದಲನೆಯದಕ್ಕೆ ಫಾಂಟ್ ಸೇರಿಸಿದರೆ ಆಯಿತು. ಎರಡನೆಯದಕ್ಕೆ ಎಷ್ಟು ಫಾಂಟ್ ಬದಲಿಸಿದರೂ ಉಪಯೋಗವಿಲ್ಲ.

ಅತಿ ಸುಲಭದ ಪರೀಕ್ಷೆ: ಅದೇ ಕಡತವನ್ನು ಕಂಪ್ಯೂಟರ್ ಅಥವಾ ಮೊಬೈಲ್‌ನಲ್ಲಿ ತೆರೆಯಿರಿ. ಅಲ್ಲಿ ಸರಿಯಾಗಿ ಕಂಡರೆ ಕಡತ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ. ನಂತರ ಸಾಧನದ ಅಕ್ಷರ ಆಯ್ಕೆಯಲ್ಲಿ ‘ಪ್ರಕಾಶಕರ ಫಾಂಟ್’ ಎಂಬರ್ಥದ ಆಯ್ಕೆ ಇದೆಯೇ ನೋಡಿ. ಕಡತದೊಳಗೆ ಫಾಂಟ್ ಅಡಕವಾಗಿದ್ದರೂ ಈ ಆಯ್ಕೆ ಒತ್ತದ ಹೊರತು ಹಲವು ಸಾಧನಗಳು ತಮ್ಮದೇ ಫಾಂಟ್ ಬಳಸುತ್ತವೆ. ಕಡತದಲ್ಲಿ ಫಾಂಟ್ ಇಲ್ಲದಿದ್ದರೆ ಕ್ಯಾಲಿಬರ್ ಎಂಬ ಇ-ಪುಸ್ತಕ ಪರಿವರ್ತಿಸುವ ತಂತ್ರಾಂಶದಲ್ಲಿ ನೋಟೋ ಸೆರಿಫ್ ಕನ್ನಡದಂತಹ ಮುಕ್ತ ಪರವಾನಗಿಯ ಫಾಂಟನ್ನು ಅಡಕಗೊಳಿಸಬಹುದು. ಫಾಂಟ್ ಕಡತದ ಗಾತ್ರ ಕುಗ್ಗಿಸುವ ಆಯ್ಕೆಯೂ ಅಲ್ಲೇ ಇರುತ್ತದೆ. ಮೊದಲ ಪರೀಕ್ಷೆಯಲ್ಲಿ ಅದನ್ನು ಬಳಸದಿರುವುದು ಒಳ್ಳೆಯದು, ಏಕೆಂದರೆ ಒಂದೇ ಸಲ ಎರಡು ಬದಲಾವಣೆ ಮಾಡಿದರೆ ಯಾವುದು ಕೆಲಸ ಮಾಡಿತು ಎಂದು ತಿಳಿಯುವುದಿಲ್ಲ. ಕಿಂಡಲ್ ಮತ್ತು ಕೋಬೋ ಸಾಧನಗಳಲ್ಲಿ ಫಾಂಟ್ ಕಡತಗಳನ್ನು ನೇರವಾಗಿ ಹಾಕಲು ‘ಫಾಂಟ್ಸ್’ ಎಂಬ ಫೋಲ್ಡರ್‌ಗೆ ಅವಕಾಶವೂ ಇದೆ.

ಒತ್ತಕ್ಷರ ಬಿಚ್ಚಿಕೊಳ್ಳುವ ತೊಂದರೆಗೆ ದಾರಿ ಬೇರೆ. ಸಾಧನದ ತಂತ್ರಾಂಶವನ್ನು ಹೊಸ ಆವೃತ್ತಿಗೆ ತನ್ನಿ. ಕೆಓರೀಡರ್ ಎಂಬ ಮುಕ್ತ ತಂತ್ರಾಂಶ ಬಳಸುತ್ತಿದ್ದರೆ ಅದರ ಫಾಂಟ್ ಕರ್ನಿಂಗ್ ಆಯ್ಕೆಯನ್ನು ‘ಬೆಸ್ಟ್’ಗೆ ಇಡಿ. ಕನ್ನಡದಂತಹ ಲಿಪಿಗಳನ್ನು ಪೂರ್ತಿಯಾಗಿ ಜೋಡಿಸುವುದು ಆ ಸ್ಥಿತಿಯಲ್ಲಿ ಮಾತ್ರ. ಇವೆರಡೂ ಫಲಿಸದಿದ್ದರೆ ಆ ಸಾಧನಕ್ಕೆ ಪಠ್ಯದ ಕಡತದ ಆಸೆ ಬಿಟ್ಟು, ಪರದೆಯ ಅಳತೆಗೆ ಹೊಂದುವ ಪುಟ ಮಾಡಿ ಪಿಡಿಎಫ್ ತಯಾರಿಸಿ. ಪಿಡಿಎಫ್‌ನಲ್ಲಿ ಅಕ್ಷರಗಳು ಮೊದಲೇ ಜೋಡಣೆಗೊಂಡಿರುತ್ತವೆ.

## ಅಕ್ಷರ ತೀರಾ ಸಣ್ಣದು. ಹಿಗ್ಗಿಸಿದರೆ ಸಾಲು ಪರದೆ ದಾಟಿ ಹೋಗುತ್ತದೆ

ನೀವು ಓದುತ್ತಿರುವುದು ಪುಟದ ಚಿತ್ರ, ಪಠ್ಯವಲ್ಲ. ಎ5 ಅಳತೆಯ ಪುಟ 14.8 ಸೆಂ.ಮೀ. ಅಗಲ. 6 ಇಂಚಿನ ಇ-ರೀಡರ್ ಪರದೆಯ ಅಗಲ ಸುಮಾರು 9 ಸೆಂ.ಮೀ. ಪುಟವನ್ನು ಅದರೊಳಗೆ ಕೂರಿಸಿದರೆ 11 ಪಾಯಿಂಟ್ ಅಕ್ಷರ 7 ಪಾಯಿಂಟ್‌ಗಿಂತ ಕಡಿಮೆಗೆ ಇಳಿಯುತ್ತದೆ. ಸಾಧನದಲ್ಲಿ ದೋಷವೇನೂ ಇಲ್ಲ.

ಮೊದಲು ಅಂಚು ಕತ್ತರಿಸಿ ನೋಡಿ. ಪುಟದ ನಾಲ್ಕೂ ಕಡೆಯ ಖಾಲಿ ಜಾಗ ತೆಗೆದರೆ ಅಕ್ಷರ ಗಣನೀಯವಾಗಿ ದೊಡ್ಡದಾಗುತ್ತದೆ, ಕೆಲವು ಪುಸ್ತಕಗಳಿಗೆ ಅಷ್ಟೇ ಸಾಕಾಗುತ್ತದೆ. ಸಾಧನವನ್ನು ಅಡ್ಡ ಹಿಡಿದು ಓದುವುದು ಎರಡನೆಯ ಉಪಾಯ. ಕೆ2ಪಿಡಿಎಫ್‌ಆಪ್ಟ್ ಎಂಬ ತಂತ್ರಾಂಶ ಮೂರನೆಯದು: ಅದು ಚಿತ್ರದಲ್ಲಿನ ಸಾಲುಗಳನ್ನು ಪದಗಳಾಗಿ ಕತ್ತರಿಸಿ ಸಣ್ಣ ಪರದೆಗೆ ತಕ್ಕಂತೆ ಮತ್ತೆ ಜೋಡಿಸುತ್ತದೆ, ಅಕ್ಷರ ಗುರುತಿಸುವ ಗೋಜಿಗೆ ಹೋಗುವುದಿಲ್ಲ. ಗುರುತಿಸುವುದೇ ಇಲ್ಲವಾದ್ದರಿಂದ ಕಾಗುಣಿತದ ತಪ್ಪೂ ಬರುವುದಿಲ್ಲ. ಹಳೆಯ ಅಚ್ಚಿನ ಪುಸ್ತಕವನ್ನು ಒಮ್ಮೆ ಓದಿದರೆ ಸಾಕು ಎನ್ನುವವರಿಗೆ ನಾನು ಸೂಚಿಸುವುದು ಇದನ್ನೇ. ಹುಡುಕಲು, ನಿಘಂಟು ನೋಡಲು, ಅಕ್ಷರ ಬೇಕಾದಷ್ಟು ಹಿಗ್ಗಿಸಲು ಬೇಕು ಎನ್ನುವವರು ಮಾತ್ರ ಓಸಿಆರ್‌ಗೆ ಇಳಿಯಲಿ.

## ಕಡತ ತೆರೆಯುವುದಿಲ್ಲ, ಅಥವಾ ಸಾಧನದ ಪಟ್ಟಿಯಲ್ಲೇ ಕಾಣುವುದಿಲ್ಲ

ಮೊದಲು ಸಾಧನಕ್ಕೆ ಆ ಬಗೆಯ ಕಡತ ಓದಲು ಬರುತ್ತದೆಯೇ ನೋಡಿ. ಯುಎಸ್‌ಬಿ ತಂತಿಯ ಮೂಲಕ ಕಿಂಡಲ್‌ಗೆ ಇಪಬ್ ಕಡತವನ್ನು ನೇರವಾಗಿ ಹಾಕಿದರೆ ಅದು ತೆರೆಯುವುದಿಲ್ಲ. ಸೆಂಡ್ ಟು ಕಿಂಡಲ್ ಸೇವೆ 2022ರಿಂದ ಇಪಬ್ ಸ್ವೀಕರಿಸಿ ತನ್ನ ಬಗೆಗೆ ಪರಿವರ್ತಿಸಿಕೊಳ್ಳುತ್ತದೆ. ತಂತಿಯಲ್ಲೇ ಹಾಕಬೇಕಿದ್ದರೆ ಕ್ಯಾಲಿಬರ್‌ನಲ್ಲಿ ಕಿಂಡಲ್ ಓದುವ ಎಜೆಡ್‌ಡಬ್ಲ್ಯು3 ಬಗೆಗೆ ಮಾಡಿಕೊಳ್ಳಿ. ಕಡತದ ಹೆಸರಿನ ಬಾಲ ಬದಲಿಸಿದರೆ ಬಗೆ ಬದಲಾಗುವುದಿಲ್ಲ.

ಬಗೆ ಸರಿಯಿದ್ದೂ ತೆರೆಯದಿದ್ದರೆ ನಕಲಾಗುವಾಗ ಅರ್ಧಕ್ಕೆ ನಿಂತಿರಬಹುದು. ಎರಡೂ ಕಡೆ ಕಡತದ ಗಾತ್ರ ಹೋಲಿಸಿ, ಮತ್ತೆ ನಕಲು ಮಾಡಿ. ಕಂಪ್ಯೂಟರ್‌ನಿಂದ ಕಳಚುವ ಸೂಚನೆ ಕೊಟ್ಟ ಮೇಲೆಯೇ ತಂತಿ ತೆಗೆಯಿರಿ. ಅವಸರದಲ್ಲಿ ಎಳೆದರೆ ಒಂದು ಪುಸ್ತಕವಷ್ಟೇ ಅಲ್ಲ, ಸಾಧನದ ಸಂಗ್ರಹವೇ ಕೆಡಬಹುದು.

ಕಡತವನ್ನು ನೀವೇ ಬಿಚ್ಚಿ ತಿದ್ದಿದ್ದೀರಾ? ಇಪಬ್ ಎನ್ನುವುದು ಒಂದು ಜಿಪ್ ಕಟ್ಟು. ಅದರೊಳಗೆ ‘ಮೈಮ್‌ಟೈಪ್’ ಎಂಬ ಪುಟ್ಟ ಕಡತ ಎಲ್ಲಕ್ಕಿಂತ ಮೊದಲು, ಸಂಕುಚನವಿಲ್ಲದೆ ಇರಬೇಕೆಂಬುದು ನಿಯಮ. ಸಾಮಾನ್ಯ ಜಿಪ್ ತಂತ್ರಾಂಶದಲ್ಲಿ ಮತ್ತೆ ಕಟ್ಟಿದರೆ ಈ ಕ್ರಮ ತಪ್ಪುತ್ತದೆ. ಕೆಲವು ಸಾಧನಗಳು ಸಹಿಸಿಕೊಳ್ಳುತ್ತವೆ, ಕೆಲವು ಬಾಗಿಲನ್ನೇ ತೆರೆಯುವುದಿಲ್ಲ. ಸಿಗಿಲ್ ಎಂಬ ಇಪಬ್ ಸಂಪಾದಕದಲ್ಲಿ ಅಥವಾ ಕ್ಯಾಲಿಬರ್‌ನ ಸಂಪಾದಕದಲ್ಲೇ ತಿದ್ದಿದರೆ ಈ ತೊಂದರೆ ಇಲ್ಲ. ಇಪಬ್‌ಚೆಕ್ ಎಂಬ ಪರೀಕ್ಷಕ ತಪ್ಪಿರುವ ಕಡತವನ್ನೂ ಸಾಲನ್ನೂ ಬೆರಳಿಟ್ಟು ತೋರಿಸುತ್ತದೆ.

## ಸಾಲುಗಳು ಅರ್ಧಕ್ಕೇ ಮುರಿದಿವೆ. ಪುಟಸಂಖ್ಯೆ ಮಾತಿನ ನಡುವೆ ನುಗ್ಗಿದೆ

ಓಸಿಆರ್ ತಂತ್ರಾಂಶಕ್ಕೆ ಮುದ್ರಿತ ಸಾಲಿನ ಕೊನೆಯೂ ಪ್ಯಾರಾದ ಕೊನೆಯೂ ಒಂದೇ ರೀತಿ ಕಾಣುತ್ತವೆ. ಕಾಗದದ ಮೇಲೆ ಸಾಲು ಎಲ್ಲಿ ತಿರುಗಿತೋ ಪರದೆಯ ಮೇಲೂ ಅಲ್ಲೇ ಕಡಿಯುತ್ತದೆ. ಕ್ಯಾಲಿಬರ್‌ನ ಪರಿವರ್ತನೆಯಲ್ಲಿ ಹ್ಯೂರಿಸ್ಟಿಕ್ ಸಂಸ್ಕರಣೆ ಎಂಬ ಭಾಗದಲ್ಲಿ ಸಾಲುಗಳನ್ನು ಕೂಡಿಸುವ ಆಯ್ಕೆ ಇದೆ. ಸಾಲಿನ ಉದ್ದ ನೋಡಿ ಊಹಿಸುವ ಉಪಾಯ ಅದು. ಗದ್ಯಕ್ಕೆ ಬಹುಮಟ್ಟಿಗೆ ಸರಿಹೋಗುತ್ತದೆ. ಪದ್ಯ, ವಚನ, ನಾಟಕದ ಸಂಭಾಷಣೆಗಳಿಗೆ ಎಂದೂ ಬಳಸಬೇಡಿ, ಸಾಲುಗಳೆಲ್ಲ ಸೇರಿ ಮುದ್ದೆಯಾಗುತ್ತವೆ. ಕಥೆಯ ನಡುವೆ ಪದ್ಯಗಳಿದ್ದರೆ ಆ ಪುಟಗಳನ್ನು ಮೊದಲೇ ಬೇರ್ಪಡಿಸಿಕೊಳ್ಳಿ.

ಸಾಲಿನ ಕೊನೆಯಲ್ಲಿ ಗೀಟು ಹಾಕಿ ಮುರಿದ ಪದಗಳನ್ನು ಹುಡುಕಿ ಕೂಡಿಸುವುದು ಸುಲಭ. ಗೀಟಿಲ್ಲದೆ ಪದ ಮುರಿದ ಮುದ್ರಣವೇ ಕಷ್ಟದ್ದು. ‘ಹೋಗುತ್ತಿದ್ದ’ ಒಂದು ಸಾಲಿನಲ್ಲಿ, ‘ನು’ ಮುಂದಿನ ಸಾಲಿನಲ್ಲಿ ಇದ್ದರೆ ಯಂತ್ರ ಎರಡು ಪದವೆಂದೇ ಬಗೆಯುತ್ತದೆ. ಇದನ್ನು ಕಣ್ಣಿನಿಂದ ಓದಿಯೇ ತಿದ್ದಬೇಕು.

ಪುಟಸಂಖ್ಯೆ, ಪುಟದ ನೆತ್ತಿಯಲ್ಲಿರುವ ಅಧ್ಯಾಯದ ಹೆಸರು ಇವುಗಳನ್ನು ಪಠ್ಯದಲ್ಲಿ ಹುಡುಕಿ ಅಳಿಸುವುದಕ್ಕಿಂತ ಓಸಿಆರ್‌ಗೆ ಮೊದಲೇ ಚಿತ್ರದಿಂದ ಕತ್ತರಿಸುವುದು ಮೇಲು. ಸ್ಕ್ಯಾನ್ ಚಿತ್ರಗಳನ್ನು ಅಚ್ಚುಕಟ್ಟು ಮಾಡುವ ಸ್ಕ್ಯಾನ್‌ಟೇಲರ್ ತಂತ್ರಾಂಶದಲ್ಲಿ ಪಠ್ಯಭಾಗ ಆರಿಸುವ ಹಂತದಲ್ಲೇ ಅವುಗಳನ್ನು ಹೊರಗಿಡಬಹುದು.

ಪರಿವಿಡಿ ಬಾರದಿದ್ದರೆ ಹೆಚ್ಚಿನ ಸಲ ಕಾರಣ ಇದು: ಅಧ್ಯಾಯದ ಹೆಸರುಗಳನ್ನು ದಪ್ಪಕ್ಷರ ಮಾಡಿದ್ದೀರಿ, ಹೆಡಿಂಗ್ ಶೈಲಿ ಕೊಟ್ಟಿಲ್ಲ. ಶೈಲಿ ಕೊಟ್ಟು ಮತ್ತೆ ಪರಿವರ್ತಿಸಿ.

## ಪುಟಪೂರ್ತಿ ಅರ್ಥವಿಲ್ಲದ ಅಕ್ಷರಗಳು

ಒಂದೆರಡು ಅಕ್ಷರವಲ್ಲ, ಇಡೀ ಪುಟವೇ ಗೋಜಲಾಗಿದ್ದರೆ ಸಮಾಧಾನಪಡಿ. ಇಂಥ ದೋಷ ದೊಡ್ಡದಾಗಿ ಕಾಣುತ್ತದೆ, ಸುಲಭವಾಗಿ ಹೋಗುತ್ತದೆ. ಪುಟ ತಲೆಕೆಳಗಾಗಿದೆಯೇ, ಅಡ್ಡವಾಗಿದೆಯೇ ನೋಡಿ. ಓಸಿಆರ್‌ನ ಭಾಷೆ ಕನ್ನಡ ಎಂದಿದೆಯೇ ನೋಡಿ. ಟೆಸರಾಕ್ಟ್ ಎಂಬ ಮುಕ್ತ ಓಸಿಆರ್ ತಂತ್ರಾಂಶದಲ್ಲಿ ಕನ್ನಡದ ಭಾಷಾ ಕಡತವನ್ನು ಪ್ರತ್ಯೇಕವಾಗಿ ಅಳವಡಿಸಬೇಕಾಗಬಹುದು. ಯಾವ ಭಾಷೆಯನ್ನೂ ಹೇಳದಿದ್ದರೆ ಅದು ಇಂಗ್ಲಿಷ್ ಎಂದುಕೊಂಡು ಓದುತ್ತದೆ, ಕನ್ನಡದ ದುಂಡಕ್ಷರಗಳೆಲ್ಲ ರೋಮನ್ ಅಕ್ಷರ, ಅಂಕಿಗಳ ರಾಶಿಯಾಗುತ್ತವೆ.

ಪದಗಳು ಸರಿಯಿದ್ದು ವಾಕ್ಯ ಮಾತ್ರ ಕಲಸಿಹೋಗಿದ್ದರೆ ಅಂಕಣಗಳ ತೊಂದರೆ. ಎಡ ಅಂಕಣದ ಸಾಲಿನ ಮುಂದೆಯೇ ಬಲ ಅಂಕಣದ ಸಾಲನ್ನು ಓದಲಾಗಿದೆ. ಎದುರುಬದುರು ಎರಡು ಪುಟಗಳನ್ನು ಒಟ್ಟಿಗೆ ಸ್ಕ್ಯಾನ್ ಮಾಡಿ ಬೇರ್ಪಡಿಸದೆ ಬಿಟ್ಟಾಗಲೂ ಹೀಗೆಯೇ ಆಗುತ್ತದೆ. ಪುಟ ಬೇರ್ಪಡಿಸಿ. ಟೆಸರಾಕ್ಟ್‌ನ ಪುಟ ವಿಂಗಡಣೆಯ ಆಯ್ಕೆಯಲ್ಲಿ 3 ಎಂದರೆ ತಾನೇ ವಿಂಗಡಿಸುತ್ತದೆ, 4 ಎಂದರೆ ಒಂದೇ ಅಂಕಣ, 6 ಎಂದರೆ ಒಂದೇ ಸಮನಾದ ಪಠ್ಯದ ತುಂಡು. ಅಂಕಣವಿಲ್ಲದ ಪುಸ್ತಕದ ಕತ್ತರಿಸಿದ ಪುಟಗಳಿಗೆ 4 ಅಥವಾ 6 ಹೊಂದುತ್ತದೆ.

ಇನ್ನೊಂದು ಬಗೆಯ ಗೋಜಲಿದೆ. ನಿಮ್ಮ ಬಳಿ ಮೊದಲೇ ಪಿಡಿಎಫ್ ಇದೆ, ಪರದೆಯ ಮೇಲೆ ಅಚ್ಚುಕಟ್ಟಾದ ಕನ್ನಡ ಕಾಣುತ್ತದೆ, ನಕಲು ಮಾಡಿ ಅಂಟಿಸಿದರೆ ರೋಮನ್ ಅಕ್ಷರಗಳ ಕಸ ಬರುತ್ತದೆ. ಅದು ಯುನಿಕೋಡ್ ಎಂಬ ಏಕರೂಪದ ಅಕ್ಷರ ಸಂಕೇತ ಪದ್ಧತಿಗೆ ಮುಂಚಿನ ನುಡಿ, ಬರಹ, ಶ್ರೀಲಿಪಿಯಂತಹ ಫಾಂಟ್‌ಗಳಲ್ಲಿ ಅಕ್ಷರ ಜೋಡಿಸಿದ ಪುಸ್ತಕ. ಯಾವ ಫಾಂಟ್ ಎಂಬುದು ಪಿಡಿಎಫ್‌ನ ಗುಣಲಕ್ಷಣಗಳ ಫಾಂಟ್ ಪಟ್ಟಿಯಲ್ಲಿ ಸಿಗುತ್ತದೆ. ಆ ಫಾಂಟಿಗೆ ಹೊಂದುವ ಯುನಿಕೋಡ್ ಪರಿವರ್ತಕ ಇದ್ದರೆ ಬಳಸಿ. ಇಲ್ಲವಾದರೆ ಪುಟವನ್ನು ಚಿತ್ರವಾಗಿಸಿ ಓಸಿಆರ್ ಮಾಡಿ. ಓಸಿಆರ್‌ಮೈಪಿಡಿಎಫ್ ತಂತ್ರಾಂಶ ಪಠ್ಯವಿರುವ ಪುಟವನ್ನು ಮುಟ್ಟಲು ನಿರಾಕರಿಸುತ್ತದೆ, ಅದಕ್ಕೆ ಬಲವಂತದ ಆಯ್ಕೆ ಕೊಡಬೇಕು.

## ಓದಲು ಬರುತ್ತದೆ, ಆದರೆ ಸಾಲಿಗೊಂದು ಅಕ್ಷರದ ತಪ್ಪು

ಹೆಚ್ಚು ಹೊತ್ತು ತಿನ್ನುವುದು ಈ ದೋಷವೇ. ನೂರಕ್ಕೆ 99 ಅಕ್ಷರ ಸರಿ ಎಂದರೆ ಕೇಳಲು ಚೆನ್ನ. ಪುಟಕ್ಕೆ 1500 ಅಕ್ಷರ ಎಂದಿಟ್ಟುಕೊಂಡರೆ ಪುಟಕ್ಕೆ 15 ತಪ್ಪು, 300 ಪುಟಕ್ಕೆ 4500.

ಮೊದಲ ಪರೀಕ್ಷೆಗೆ ಏನೂ ಖರ್ಚಿಲ್ಲ. ತಪ್ಪಾದ ಪದವನ್ನು ಮೂಲ ಚಿತ್ರದಲ್ಲಿ ಹುಡುಕಿ ನಾಲ್ಕು ಪಟ್ಟು ಹಿಗ್ಗಿಸಿ. ಅಕ್ಕಪಕ್ಕದ ಪದಗಳನ್ನು ಕೈಯಿಂದ ಮುಚ್ಚಿ. ಅದು ‘ದ’ವೋ ‘ಧ’ವೋ ನಿಮಗೇ ಹೇಳಲು ಬರದಿದ್ದರೆ ದೋಷ ಚಿತ್ರದಲ್ಲಿದೆ, ಓಸಿಆರ್ ಬದಲಿಸಿ ಪ್ರಯೋಜನವಿಲ್ಲ. ನಿಮಗೆ ಸ್ಪಷ್ಟವಾಗಿ ಕಂಡೂ ಯಂತ್ರ ತಪ್ಪು ಓದಿದ್ದರೆ ದೋಷ ಓಸಿಆರ್‌ನದು.

ಅಕ್ಕಪಕ್ಕ ಮುಚ್ಚಬೇಕೆನ್ನಲು ಕಾರಣವಿದೆ. ಭಾಷೆ ಬಲ್ಲ ಕಣ್ಣು ಅಕ್ಷರ ನೋಡದೆಯೇ ಪದವನ್ನು ಊಹಿಸಿಬಿಡುತ್ತದೆ.

ತಪ್ಪುಗಳನ್ನು ಒಂದು ಕಾಗದದಲ್ಲಿ ಬರೆದು ಗುಂಪು ಮಾಡಿ. ಯಾವ ಗುಂಪು ದೊಡ್ಡದು ಎಂಬುದೇ ಕಾರಣ ಹೇಳುತ್ತದೆ.

ಧ ಹೋಗಿ ದ, ಭ ಹೋಗಿ ಬ. ಹೊಟ್ಟೆ ಸೀಳುವ ಪುಟ್ಟ ಗೆರೆ ಚಿತ್ರದಲ್ಲಿ ಉಳಿದಿಲ್ಲ. ಅದರ ದಪ್ಪ 0.2 ಮಿ.ಮೀ. ಎಂದುಕೊಳ್ಳಿ. 150 ಡಿಪಿಐಯಲ್ಲಿ (ಇಂಚಿಗೆ 150 ಚುಕ್ಕೆ) ಅದಕ್ಕೆ ಸಿಗುವುದು ಒಂದೇ ಒಂದು ಪಿಕ್ಸೆಲ್‌ಗಿಂತ ಸ್ವಲ್ಪ ಹೆಚ್ಚು, 300ರಲ್ಲಿ ಎರಡಕ್ಕಿಂತ ಹೆಚ್ಚು, 400ರಲ್ಲಿ ಮೂರು. ಒಂದು ಪಿಕ್ಸೆಲ್ ಗೆರೆ ಕಪ್ಪು-ಬಿಳುಪಿಗೆ ತಿರುಗಿಸುವಾಗ ಅಳಿಸಿಹೋಗುತ್ತದೆ. 300 ಡಿಪಿಐಗಿಂತ ಕೆಳಗೆ ಇಳಿಯಬೇಡಿ, ಸಣ್ಣ ಅಚ್ಚಿಗೆ 400 ಇಡಿ. ತಂತ್ರಾಂಶದಲ್ಲಿ 150ನ್ನು 300ಕ್ಕೆ ಹಿಗ್ಗಿಸಿದರೆ ಕಳೆದುಹೋದ ಗೆರೆ ಮರಳಿ ಬರುವುದಿಲ್ಲ.

ಒತ್ತಕ್ಷರಗಳು, ಪೂರ್ಣವಿರಾಮಗಳು ಮಾಯ. ‘ಕಟ್ಟಡ’ ‘ಕಟಡ’ವಾಗಿದ್ದರೆ ಕಲೆ ತೆಗೆಯುವ ಆಯ್ಕೆಯ ಮೇಲೆ ಗುಮಾನಿ ಪಡಿ. ಚಿತ್ರ ಸ್ವಚ್ಛಗೊಳಿಸುವ ತಂತ್ರಾಂಶ ಸಣ್ಣ ಚುಕ್ಕೆಗಳನ್ನು ಕಸವೆಂದು ಗುಡಿಸುವಾಗ ಸಣ್ಣ ಒತ್ತುಗಳನ್ನೂ ಗುಡಿಸಿಹಾಕುತ್ತದೆ. ಅದನ್ನು ಅತಿ ಕಡಿಮೆಗೆ ಇಳಿಸಿ, ಅಥವಾ ಪೂರ್ತಿ ನಿಲ್ಲಿಸಿ ನೋಡಿ. ಪುಟದ ಕೊನೆಯ ಸಾಲಿನಲ್ಲಿ ಮಾತ್ರ ಒತ್ತು ಹೋಗಿದ್ದರೆ ಕತ್ತರಿಸುವಾಗ ಅಂಚು ತೀರಾ ಹತ್ತಿರ ಬಂದಿದೆ.

ದೀರ್ಘ ಹೋಗುವುದು. ‘ನೀರು’ ‘ನಿರು’, ‘ಬೇಡ’ ‘ಬೆಡ’. ದೀರ್ಘದ ಚಿಹ್ನೆ ಅಕ್ಷರದಿಂದ ಬಿಡಿಯಾಗಿ ಬಲಕ್ಕೆ ನಿಲ್ಲುವುದರಿಂದ ಮಸುಕಾದ ಮುದ್ರಣದಲ್ಲಿ ಮೊದಲು ಸೊರಗುವುದು ಅದೇ. ಕಪ್ಪು-ಬಿಳುಪಿನ ಬದಲು ಬೂದುಬಣ್ಣದ ಚಿತ್ರವನ್ನೇ ಓಸಿಆರ್‌ಗೆ ಕೊಟ್ಟು ನೋಡಿ. ಸ್ಕ್ಯಾನ್‌ಟೇಲರ್‌ನಲ್ಲಿ ಗೆರೆ ದಪ್ಪ ಮಾಡುವ ಪಟ್ಟಿಯನ್ನು ಒಂದಿಷ್ಟು ಸರಿಸಿಯೂ ನೋಡಬಹುದು.

ಸೊನ್ನೆ ಮತ್ತು ಅರ್ಕಾವತ್ತು. ಕನ್ನಡದ ಓಸಿಆರ್‌ನಲ್ಲಿ ಅತ್ಯಂತ ಮೋಸದ ತಪ್ಪು ಇದು, ಏಕೆಂದರೆ ಕಣ್ಣಿಗೆ ತಪ್ಪೆಂದೇ ಕಾಣುವುದಿಲ್ಲ. ‘ಸಂಗೀತ’ ಮತ್ತು ‘ಸ೦ಗೀತ’ ಇವೆರಡನ್ನು ನೋಡಿ. ಮೊದಲನೆಯದರಲ್ಲಿ ಇರುವುದು ಅನುಸ್ವಾರ, ಎರಡನೆಯದರಲ್ಲಿ ಇರುವುದು ಸೊನ್ನೆ ಎಂಬ ಅಂಕಿ. ಪರದೆಯ ಮೇಲೆ ಎರಡೂ ಒಂದೇ, ಯುನಿಕೋಡ್‌ನಲ್ಲಿ ಬೇರೆ ಬೇರೆ. ‘ಸಂಗೀತ’ ಎಂದು ಹುಡುಕಿದರೆ ಎರಡನೆಯದು ಸಿಗುವುದಿಲ್ಲ, ನಿಘಂಟು ಅರ್ಥ ತೋರಿಸುವುದಿಲ್ಲ, ಗಟ್ಟಿಯಾಗಿ ಓದುವ ತಂತ್ರಾಂಶ ತಡವರಿಸುತ್ತದೆ. ಹಾಗೆಯೇ ‘ಧರ್ಮ’ ಎನ್ನುವುದು ‘ಧಮ೯’ ಆಗುತ್ತದೆ. ಅರ್ಕಾವತ್ತಿನ ಆಕಾರ ಒಂಬತ್ತನ್ನು ಹೋಲುವುದು ಒಂದು ಕಾರಣ. ಅಚ್ಚಿನಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯುನಿಕೋಡ್‌ನಲ್ಲಿ ‘ರ್’ ಅಕ್ಷರಕ್ಕಿಂತ ಮೊದಲು ಕೂರಬೇಕು. ಯಂತ್ರ ಕ್ರಮವನ್ನೂ ಹಿಂದುಮುಂದು ಮಾಡಬೇಕಾಗುತ್ತದೆ.

ಪರಿಹಾರ ಸರಳ. ಕನ್ನಡ ಅಕ್ಷರಕ್ಕೆ ಅಂಟಿಕೊಂಡು ಬಂದ ೦ ಮತ್ತು ೯ ಅಂಕಿಗಳನ್ನು ಹುಡುಕಿ. ಅಂಕಿಯ ಹಿಂದೆ ಅಂಕಿಯೇ ಇದ್ದರೆ ಅದು ನಿಜವಾದ ಅಂಕಿ, ಬಿಡಿ. ಅಕ್ಷರದ ನಂತರ ೦ ಇದ್ದಲ್ಲಿ ಅನುಸ್ವಾರ ಹಾಕುವುದನ್ನು ಒಂದೇ ಸಲಕ್ಕೆ ಮಾಡಬಹುದು. ೯ ಇದ್ದಲ್ಲಿ ಒಂದೊಂದನ್ನೂ ನೋಡಿ ತಿದ್ದಿ, ಏಕೆಂದರೆ ‘ರ್’ ಎಷ್ಟು ಅಕ್ಷರ ಹಿಂದಕ್ಕೆ ಹೋಗಬೇಕೆಂಬುದು ಒತ್ತಕ್ಷರ, ಸ್ವರಚಿಹ್ನೆಗಳಿದ್ದಾಗ ಬದಲಾಗುತ್ತದೆ.

ಕನ್ನಡದ ನಡುವೆ ಬಿಡಿ ರೋಮನ್ ಅಕ್ಷರ. ಓಸಿಆರ್‌ಗೆ ಕನ್ನಡದ ಜೊತೆ ಇಂಗ್ಲಿಷನ್ನೂ ಸೇರಿಸಿದ್ದೀರಿ. ಪುಸ್ತಕದಲ್ಲಿ ಇಂಗ್ಲಿಷ್ ಪದಗಳಿಲ್ಲದಿದ್ದರೆ ತೆಗೆದುಹಾಕಿ.

ಹಳಗನ್ನಡ ಪಠ್ಯದಲ್ಲಿ ಱ, ೞ ಇರುವ ಕಡೆಯೆಲ್ಲ ಪ್ರತಿ ಸಲವೂ ಕೈಯಿಂದ ನೋಡಬೇಕು. ಇದಕ್ಕೆ ಅಡ್ಡದಾರಿ ಇಲ್ಲ.

ಚಿತ್ರವೂ ಚೆನ್ನಾಗಿದೆ, ಗುಂಪೂ ಕಾಣುತ್ತಿಲ್ಲ, ಆದರೂ ತಪ್ಪು ಹೆಚ್ಚು ಎಂದಾದರೆ ಬೇರೊಂದು ಓಸಿಆರ್ ಪ್ರಯತ್ನಿಸಿ. ಗೂಗಲ್ ಡ್ರೈವ್‌ಗೆ ಚಿತ್ರ ಹಾಕಿ ಡಾಕ್ಸ್‌ನಲ್ಲಿ ತೆರೆದರೆ ಅದು ಕನ್ನಡ ಓದುತ್ತದೆ, ಕಡತ 2 ಎಂಬಿ ಒಳಗಿರಬೇಕು. ಟೆಸರಾಕ್ಟ್‌ನಲ್ಲಿ ವೇಗದ ಮಾದರಿಯ ಬದಲು ‘ಬೆಸ್ಟ್’ ಮಾದರಿಯ ಕನ್ನಡ ಕಡತವನ್ನು ಹಾಕಿ ನೋಡಿ, ನಿಧಾನವಾದರೂ ಪರವಾಗಿಲ್ಲ. ಖಾಸಗಿ ದಿನಚರಿ, ಕುಟುಂಬದ ಕಾಗದಪತ್ರಗಳನ್ನು ಮಾತ್ರ ಹೊರಗಿನ ಸೇವೆಗೆ ಕಳಿಸದೆ ಸ್ವಂತ ಕಂಪ್ಯೂಟರ್‌ನಲ್ಲೇ ಮಾಡಿ.

ಕರಡು ತಿದ್ದುವುದು ಯಾವ ಯಂತ್ರ ಬಳಸಿದರೂ ತಪ್ಪದು. ಕ್ಯಾಲಿಬರ್ ಸಂಪಾದಕದ ಕಾಗುಣಿತ ಪಟ್ಟಿ ಪ್ರತಿ ಪದ ಎಷ್ಟು ಸಲ ಬಂದಿದೆ ಎಂದು ತೋರಿಸುತ್ತದೆ. ಒಂದೇ ಸಲ ಬಂದ ಪದಗಳಿಂದ ಶುರುಮಾಡಿ, ತಪ್ಪುಗಳು ಹೆಚ್ಚಾಗಿ ಅಲ್ಲಿ ಗುಂಪುಗೂಡಿರುತ್ತವೆ. ನಿಘಂಟು ತಪ್ಪೆಂದು ಗೆರೆ ಎಳೆದದ್ದೆಲ್ಲ ತಪ್ಪಲ್ಲ. ಮರ, ಮರದ, ಮರದಲ್ಲಿದ್ದ, ಮರದಲ್ಲಿದ್ದವನನ್ನೂ ಎಂದು ಬೆಳೆಯುವ ನಮ್ಮ ಪದಗಳಿಗೆ ಯಾವ ಪಟ್ಟಿಯೂ ಸಾಲದು. ಹಳೆಯ ಪುಸ್ತಕಗಳನ್ನು ಸ್ವಯಂಸೇವಕರು ಪಠ್ಯವಾಗಿಸುವ ವಿಕಿಸೋರ್ಸ್ ಜಾಲತಾಣದಲ್ಲಿ ಒಂದು ಪುಟ ಹಳದಿಯಿಂದ ಹಸಿರು ಗುರುತಿಗೆ ಏರಬೇಕಾದರೆ ಎರಡನೆಯ ವ್ಯಕ್ತಿಯೊಬ್ಬರು ಚಿತ್ರದ ಪಕ್ಕ ಇಟ್ಟು ಓದಿರಬೇಕು. ಮನೆಯ ಕೆಲಸಕ್ಕೂ ಈ ಪದ್ಧತಿ ಒಪ್ಪುತ್ತದೆ: ನೀವು ತಿದ್ದಿದ್ದನ್ನು ಇನ್ನೊಬ್ಬರಿಂದ ಓದಿಸಿ.

## ಚಿತ್ರದಲ್ಲೇ ಕಾಣುವ ದೋಷಗಳು

ಹಿಂಬದಿಯ ಅಕ್ಷರಗಳು ನೆರಳಿನಂತೆ ಮೂಡಿದ್ದರೆ ಆ ಪುಟದ ಹಿಂದೆ ಒಂದು ಕಪ್ಪು ಕಾಗದ ಇಟ್ಟು ಸ್ಕ್ಯಾನ್ ಮಾಡಿ. ತೆಳು ಕಾಗದದಲ್ಲಿ ಹೊಕ್ಕ ಬೆಳಕು ಹಿಂದಿನ ಬಿಳಿ ಹಾಳೆಗೆ ತಾಗಿ ಮರಳುವುದರಿಂದ ಆ ನೆರಳು ಹುಟ್ಟುತ್ತದೆ. ಕಪ್ಪು ಕಾಗದ ಬೆಳಕನ್ನು ಮರಳಲು ಬಿಡುವುದಿಲ್ಲ. ಚಿತ್ರ ಒಟ್ಟಾರೆ ಸ್ವಲ್ಪ ಕಂದುತ್ತದೆ, ಅದನ್ನು ಆಮೇಲೆ ಸರಿಪಡಿಸಬಹುದು.

ಬೆನ್ನಿನ ಕಡೆ ಸಾಲು ಬಾಗಿ ಮಸುಕಾಗುವುದು ಪುಟ ಗಾಜಿಗೆ ತಾಗದೆ ಇರುವುದರಿಂದ. ಸಿಐಎಸ್ ಬಗೆಯ ತೆಳು ಸ್ಕ್ಯಾನರ್‌ಗಳಿಗೆ ಗಾಜಿನಿಂದ ಒಂದೆರಡು ಮಿಲಿಮೀಟರ್ ಮೇಲಿದ್ದರೂ ಸ್ಪಷ್ಟವಾಗಿ ಕಾಣುವುದಿಲ್ಲ. ಸಿಸಿಡಿ ಬಗೆಯವು ಇದನ್ನು ಹೆಚ್ಚು ತಾಳಿಕೊಳ್ಳುತ್ತವೆ. ಮೇಲಿನಿಂದ ಒತ್ತಿ ಹಿಡಿಯುವುದು ಪರಿಹಾರವಲ್ಲ: ಬೆನ್ನು ಮುರಿಯುತ್ತದೆ, ಗಾಜೂ ಒಡೆಯಬಹುದು. ಪುಸ್ತಕವನ್ನು ಪೂರ್ತಿ ಬಿಚ್ಚದೆ, ಒಂದೊಂದೇ ಪುಟವನ್ನು ಸ್ಕ್ಯಾನರ್‌ನ ಅಂಚಿಗೆ ಇಳಿಬಿಟ್ಟು ಹಿಡಿಯಿರಿ, ಅಥವಾ ಕ್ಯಾಮೆರಾಕ್ಕೆ ಬದಲಾಯಿಸಿ. ಉಳಿದ ಅಲ್ಪ ಬಾಗನ್ನು ಸ್ಕ್ಯಾನ್‌ಟೇಲರ್‌ನ ಬಾಗು ನೇರಗೊಳಿಸುವ ಆಯ್ಕೆ ನೋಡಿಕೊಳ್ಳುತ್ತದೆ.

ಕ್ಯಾಮೆರಾದಲ್ಲಿ ಒಂದು ಮೂಲೆ ಕತ್ತಲು, ಇನ್ನೊಂದು ಬೆಳಕು ಎಂದಾದರೆ ಎರಡೂ ಬದಿಯಿಂದ ಸುಮಾರು 45 ಡಿಗ್ರಿಯಲ್ಲಿ ದೀಪ ಇಡಿ, ಫ್ಲ್ಯಾಶ್ ಆರಿಸಿ. ಪುಟ ಚಪ್ಪಟೆಯಾಗಲು ಮೇಲೆ ಗಾಜು ಇಡುವವರು ಅದರ ಅಂಚಿಗೆ ದಪ್ಪ ಟೇಪ್ ಸುತ್ತಿರಿ, ಅಂಗೈ ಸೀಳುವಷ್ಟು ಹರಿತ ಇರುತ್ತದೆ. ಬಿಸಿಯಾಗುವ ದೀಪ ಬೇಡ, ಎಲ್‌ಇಡಿ ಸಾಕು.

ಎಲ್ಲ ಪುಟಗಳಲ್ಲೂ ಒಂದೇ ಜಾಗದಲ್ಲಿ ಉದ್ದನೆಯ ಗೆರೆ ಇದ್ದರೆ ಕಾಗದ ತಾನೇ ಎಳೆದುಕೊಳ್ಳುವ ಸ್ಕ್ಯಾನರ್‌ನ ಕಿರುಗಾಜಿನ ಮೇಲೆ ದೂಳಿನ ಕಣ ಕೂತಿದೆ. ವಿದ್ಯುತ್ ತಂತಿ ಕಳಚಿ, ನೂಲು ಬಿಡದ ಮೆತ್ತನೆ ಬಟ್ಟೆಯಿಂದ ಒರೆಸಿ. ದ್ರವವನ್ನು ಬಟ್ಟೆಗೆ ಹಾಕಿ, ಗಾಜಿಗೆ ನೇರವಾಗಿ ಎಂದೂ ಸಿಂಪಡಿಸಬೇಡಿ. ಗಾಜಿನ ಒಳಮೈಯಲ್ಲಿ ಮಂಜು ಅಥವಾ ದೂಳು ಕಂಡರೆ ಅಲ್ಲಿಗೆ ನಿಲ್ಲಿಸಿ ರಿಪೇರಿಯವರಿಗೆ ಕೊಡಿ.

ಅಚ್ಚಾದ ಛಾಯಾಚಿತ್ರಗಳಲ್ಲಿ ಜಾಲರಿಯಂತಹ ಅಲೆಗಳು ಕಂಡರೆ ಅವು ಮುದ್ರಣದ ಚುಕ್ಕೆಗಳಿಂದ ಹುಟ್ಟಿದವು. ಆ ಪುಟಗಳನ್ನು ಮಾತ್ರ 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ ಕುಗ್ಗಿಸಿ.

## ಕಡತ ಭಾರಿಯಾಗಿದೆ. ಪುಟ ತಿರುಗಿಸಲು ಹೊತ್ತು ಹಿಡಿಯುತ್ತದೆ

ಎ5 ಪುಟವನ್ನು 300 ಡಿಪಿಐ ಬಣ್ಣದಲ್ಲಿ ತೆಗೆದರೆ ಸುಮಾರು 43 ಲಕ್ಷ ಪಿಕ್ಸೆಲ್, ಸಂಕುಚನವಿಲ್ಲದೆ 13 ಎಂಬಿ. ಅದೇ ಪುಟ ಕಪ್ಪು-ಬಿಳುಪಿನಲ್ಲಿ ಅರ್ಧ ಎಂಬಿ. ಪಠ್ಯವಷ್ಟೇ ಆದರೆ ಇನ್ನೂ ಹಗುರ: ಕನ್ನಡದ ಒಂದೊಂದು ಅಕ್ಷರಚಿಹ್ನೆಗೆ ಯುಟಿಎಫ್-8ರಲ್ಲಿ 3 ಬೈಟ್ ಬೇಕಾದರೂ 300 ಪುಟದ ಪುಸ್ತಕ ಒಂದೂವರೆ ಎಂಬಿ ಒಳಗೆ ಮುಗಿಯುತ್ತದೆ. ಇಪಬ್ ನೂರಾರು ಎಂಬಿ ಇದ್ದರೆ ಪುಟದ ಚಿತ್ರಗಳೇ ಅದರೊಳಗೆ ಸೇರಿಕೊಂಡಿವೆ ಎಂದು ತಿಳಿಯಿರಿ.

ಪಿಡಿಎಫ್ ಕುಗ್ಗಿಸುವಾಗ ಒಂದು ಎಚ್ಚರಿಕೆ ಇದೆ, ಇದನ್ನು ಕಡೆಗಣಿಸಬೇಡಿ. ಜೆಬಿಐಜಿ2 ಎಂಬ ಸಂಕುಚನ ಕ್ರಮದ ನಷ್ಟ ಸಹಿತ ಬಗೆ, ಒಂದನ್ನೊಂದು ಹೋಲುವ ಅಕ್ಷರಗಳಿಗೆಲ್ಲ ಒಂದೇ ಚಿತ್ರ ಬಳಸುತ್ತದೆ. 2013ರಲ್ಲಿ ಜರ್ಮನಿಯ ಗಣಕ ವಿಜ್ಞಾನಿ ಡೇವಿಡ್ ಕ್ರೀಸೆಲ್, ಕಚೇರಿ ಸ್ಕ್ಯಾನರ್‌ಗಳು ಇದೇ ಬಗೆಯ ಸಂಕುಚನದಿಂದ 6 ಇದ್ದಲ್ಲಿ 8 ಬರೆಯುತ್ತಿದ್ದುದನ್ನು ಬಯಲಿಗೆ ತಂದರು. ಮಸುಕು ಇಲ್ಲ, ಕಲೆ ಇಲ್ಲ, ಸ್ವಚ್ಛವಾದ ತಪ್ಪು ಅಂಕಿ. ಬ-ಭ, ೬-೭ಗಳಂತಹ ಜೋಡಿಗಳಿರುವ ಕನ್ನಡಕ್ಕೆ ಈ ಅಪಾಯ ಕಡಿಮೆಯೇನಲ್ಲ. ನಷ್ಟರಹಿತ ಆಯ್ಕೆಯನ್ನೇ ಬಳಸಿ. ಲೆಕ್ಕ, ಔಷಧದ ಅಳತೆ, ಇಸವಿಗಳಿರುವ ಪುಟಗಳನ್ನು ಕಾಗದದೊಂದಿಗೆ ಹೋಲಿಸಿ ನೋಡಿ.

## ಇಲ್ಲಿ ನಿಲ್ಲಿಸಿ

ಪುಟದ ಮೂಲೆ ಬೆರಳಿಗೆ ತಾಗಿದರೆ ಪುಡಿಯಾಗುತ್ತಿದೆ, ತಿರುಗಿಸಿದರೆ ಮಡಿಕೆಯಲ್ಲಿ ಬಿರಿಯುತ್ತದೆ: ಕಾಗದದ ಆಮ್ಲೀಯತೆ ಅದನ್ನು ಒಳಗಿನಿಂದ ತಿಂದಿದೆ. ಸೆಲೋಟೇಪ್ ಹಚ್ಚಬೇಡಿ, ಅದರ ಅಂಟು ಕಾಲಕ್ರಮದಲ್ಲಿ ಕಂದಾಗಿ ಅಕ್ಷರವನ್ನೇ ಕೆಡಿಸುತ್ತದೆ. ಪ್ರತಿ ವಿರಳವಾಗಿದ್ದರೆ ಗ್ರಂಥ ಸಂರಕ್ಷಣೆ ಬಲ್ಲವರಿಗೆ ತೋರಿಸಿ. ದೊಡ್ಡ ಗ್ರಂಥಾಲಯಗಳಲ್ಲಿ ಪುಸ್ತಕವನ್ನು ಅರ್ಧ ತೆರೆದಿಟ್ಟು ಮೇಲಿನಿಂದ ಚಿತ್ರ ತೆಗೆಯುವ ಸ್ಕ್ಯಾನರ್‌ಗಳಿರುತ್ತವೆ.

ಹಾಳೆಗಳ ಮೇಲೆ ಬೂದು ಅಥವಾ ಹಸಿರು ಬೂಷ್ಟು, ಮುಗ್ಗಲು ವಾಸನೆ ಇದ್ದರೆ ಪುಸ್ತಕವನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಬೇರೆಡೆ ಇಡಿ. ಮುಟ್ಟಲೇಬೇಕಾದರೆ ಎನ್95 ಮುಖಗವಸು, ಕೈಗವಸು ಹಾಕಿ. ಉಬ್ಬಸ, ಅಲರ್ಜಿ ಇರುವವರು ಈ ಕೆಲಸಕ್ಕೆ ಇಳಿಯಕೂಡದು. ಊದಿ ಅಥವಾ ಫ್ಯಾನ್ ಹಾಕಿ ಒಣಗಿಸಿದರೆ ಬೂಷ್ಟಿನ ಕಣ ಕೋಣೆಯೆಲ್ಲ ಹರಡುತ್ತದೆ.

ಬೆನ್ನು ಕತ್ತರಿಸಿ ಹಾಳೆ ಬಿಡಿಸಿ ಸ್ಕ್ಯಾನ್ ಮಾಡುವುದು ಅತಿ ವೇಗದ ದಾರಿ, ಹಿಂತಿರುಗುವ ದಾರಿ ಮಾತ್ರ ಇಲ್ಲ. ಮತ್ತೊಂದು ಪ್ರತಿ ಸಿಗುತ್ತದೆಂದು ಖಚಿತವಾದ ಮೇಲೆ, ಪುಸ್ತಕ ನಿಮ್ಮದೇ ಆಗಿದ್ದರೆ ಮಾತ್ರ ಯೋಚಿಸಿ. ದಪ್ಪ ಪುಸ್ತಕವನ್ನು ಮನೆಯ ಚಾಕುವಿನಿಂದ ಕೊಯ್ಯಲು ಹೋಗಬೇಡಿ, ಅಲಗು ಜಾರಿ ಕೈಗೆ ಬರುತ್ತದೆ; ಬೈಂಡಿಂಗ್ ಮಾಡುವವರ ಕತ್ತರಿಸುವ ಯಂತ್ರದಲ್ಲಿ ಮಾಡಿಸಿ. ಕತ್ತರಿಸುವ ಮೊದಲು ಬೆನ್ನಿನ ಅಂಚು ಎಷ್ಟಿದೆ ಎಂದು ಪುಸ್ತಕದ ನಡುಭಾಗದಲ್ಲಿ ಅಳೆಯಿರಿ, ಅಲ್ಲಿಯೇ ಅಕ್ಷರ ಹೊಲಿಗೆಗೆ ಅತಿ ಹತ್ತಿರ ಕಾಣುವುದು. ಮಡಚಿ ಸೇರಿಸಿದ ನಕ್ಷೆ, ಪಟಗಳಿದ್ದರೆ ಅವುಗಳನ್ನು ಮೊದಲೇ ಬಿಡಿಸಿ ತೆಗೆದಿಡಿ.